ಬಳ್ಳಿ ಅಂಟಿಸಿದರೆ ಆರ್ಟ್ ನೂವೊ ಆಗಲ್ಲ

ಮನೆ ಕಟ್ಟಿಸುವವರು ಫೋನಿನಲ್ಲಿ ಫೋಟೊ ತೋರಿಸಿ ‘ಸಾರ್, ನಮಗೆ ಆರ್ಟ್ ನೂವೊ ಬೇಕು’ ಅಂದರೆ ಮುಂದಿನ ಮಾತು ನನಗೆ ಗೊತ್ತು. ಕಂಬಕ್ಕೆ ಫೈಬರ್ ಬಳ್ಳಿ, ಗೇಟಿಗೆ ಹೂವು, ಸೀಲಿಂಗಿಗೆ ಪಿಒಪಿ ಎಲೆ. ಆರ್ಟ್ ನೂವೊ ಅಂದರೆ ಯುರೋಪಿನ ಒಂದು ಹಳೆಯ ಕಟ್ಟಡ ಶೈಲಿ, ಬಳ್ಳಿಯ ಹಾಗೆ ಬಳುಕುವ ಗೆರೆಗಳದ್ದು. ಎಷ್ಟೋ ಸಲ ಆ ಫೋಟೊ ಆರ್ಟ್ ಡೆಕೊದ್ದಾಗಿರುತ್ತದೆ. ಅದು 1920ರ ದಶಕದ ಬೇರೆಯೇ ಶೈಲಿ, ಬಿಡಿ.

ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ಟಾಸೆಲ್ ಮನೆ ನೋಡಿ. 1893ರಲ್ಲಿ ವಾಸ್ತುಶಿಲ್ಪಿ ವಿಕ್ಟರ್ ಹೊರ್ಟಾ ಒಬ್ಬ ಪ್ರೊಫೆಸರಿಗೆ ಕಟ್ಟಿಕೊಟ್ಟಿದ್ದು. ಕಬ್ಬಿಣ ಅಂದರೆ ರೈಲ್ವೆ ಸ್ಟೇಷನ್ನು, ಕಾರ್ಖಾನೆ ಅಂತಿದ್ದ ಕಾಲ. ಹೊರ್ಟಾ ಅದನ್ನು ಮನೆಯೊಳಗೆ ಮುಚ್ಚುಮರೆಯಿಲ್ಲದೆ ನಿಲ್ಲಿಸಿದರು. ಮೆಟ್ಟಿಲ ಪಕ್ಕ ಒಂದು ಸಪೂರ ಕಂಬ. ಅದರ ನೆತ್ತಿಯಲ್ಲಿ ಕಬ್ಬಿಣದ ಪಟ್ಟಿಗಳು ಕುಡಿಯೊಡೆದ ಹಾಗೆ ಬಿಚ್ಚಿಕೊಂಡು ತೊಲೆಯ ಕಡೆ ಬಾಗುತ್ತವೆ. ಅದೇ ಗೆರೆ ಮೆಟ್ಟಿಲ ರೇಲಿಂಗಿನಲ್ಲಿ, ಗೋಡೆಯ ಚಿತ್ರದಲ್ಲಿ, ನೆಲದ ಮೊಸಾಯಿಕ್‌ನಲ್ಲಿ ಹರಿಯುತ್ತದೆ. ಹೂವು, ಎಲೆ ಬಿಟ್ಟು ದಂಟು ಹಿಡಿದ ಮನುಷ್ಯ ಅವರು.

ಎಲ್ಲ ಕುಡಿಯೂ ಭಾರ ಹೊರುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವು ಸುಮ್ನೆ ಚೆಂದಕ್ಕೇ ಇವೆ. ಆದರೆ ಅವು ಹುಟ್ಟುವುದು ಕಂಬ ತೊಲೆಗೆ ಸೇರುವ ಜಾಗದಲ್ಲಿ, ಭಾರ ಕೈ ಬದಲಾಯಿಸುವ ಕಡೆ. ಫೋಟೊದಲ್ಲಿ ಬಳ್ಳಿಯನ್ನು ಹೆಬ್ಬೆರಳಿನಿಂದ ಮುಚ್ಚಿ. ಕಂಬ ಬೋಳಾಗಿ, ಅರ್ಧಂಬರ್ಧ ಕಂಡರೆ ಬಳ್ಳಿ ಅಸಲಿ. ಏನೂ ಕಮ್ಮಿ ಅನ್ನಿಸದಿದ್ದರೆ ಅದು ಅಂಟಿಸಿದ್ದು. ಇಷ್ಟೇ ವಿಷಯ. ವರ್ಷಕ್ಕೆ ಎಷ್ಟು ಸಲ ಹೇಳುತ್ತೇನೋ!

ಬಳ್ಳಿ ಇರಲೇಬೇಕು ಅಂತಲೂ ಇಲ್ಲ. ವಿಯೆನ್ನಾದಲ್ಲಿ ಒಟ್ಟೊ ವ್ಯಾಗ್ನರ್ ಕಟ್ಟಿದ ಅಂಚೆ ಉಳಿತಾಯ ಬ್ಯಾಂಕಿನ ಕಟ್ಟಡ ಇದೆ, 1906ರದ್ದು, ಅದೂ ಇದೇ ಶೈಲಿ. ಗೋಡೆಗೆ ಹೊದಿಸಿದ ಕಲ್ಲಿನ ಹಲಗೆಗಳ ಮೇಲೆ ಸಾಲುಸಾಲು ಬೋಲ್ಟು, ಅಲ್ಯೂಮಿನಿಯಂ ಟೋಪಿ ಹಾಕಿಕೊಂಡು ಕೂತಿವೆ. ಅಲಂಕಾರ ಅಂದರೆ ಅದೇ.

ಒಬ್ಬ ಅಮ್ಮನವರು ನನ್ನ ಮಾತು ಕೇಳದೆ ಕಾಂಕ್ರೀಟ್ ಕಂಬಕ್ಕೆ ಫೈಬರ್ ಬಳ್ಳಿ ಸುತ್ತಿಸಿದರು. ಮೂರು ತಿಂಗಳಿಗೆ ಫೋನ್: ‘ಏನಪ್ಪಾ, ಒಳಗೆ ಹಲ್ಲಿ ಸಂಸಾರ ಹೂಡಿದೆ!’ ಬೈಸಿಕೊಂಡಿದ್ದು ನಾನೇ. ಹೋಳಿಗೆ ಕೊಟ್ಟು ಕಳಿಸಿದರು, ಅದು ಬೇರೆ ಮಾತು.

ನಮ್ಮ ವೆಲ್ಡರ್ ಹುಡುಗನಿಗೆ ಯಾವ ಪಾಠವೂ ಬೇಕಾಗಲಿಲ್ಲ. ಟಾಸೆಲ್ ಮನೆಯ ಫೋಟೊ ಹಿಗ್ಗಿಸಿ, ಕಂಬದ ನೆತ್ತಿಯ ಮೇಲೆ ಬೆರಳಿಟ್ಟು ಕೇಳಿದ: ‘ಸಾರ್, ಮೇಲಿನ ಭಾರ ಇಲ್ಲೇ ತಾನೆ ಇಳಿಯೋದು?’