ಬಾಳೆನಾರು ಬೆರಳಿಗೆ ಸಿಗದಾಗ

ಶಂಕರಪುರದ ನಮ್ಮ ದೊಡ್ಡಮ್ಮ ಟಿ.ವಿ. ನೋಡುತ್ತಲೇ 800 ಮೊಗ್ಗಿನ ಮಲ್ಲಿಗೆ ಚೆಂಡು ಕಟ್ಟಿ ಮುಗಿಸುತ್ತಿದ್ದವರು. ಕೈ ಕಡೆ ನೋಡುತ್ತಲೇ ಇರಲಿಲ್ಲ. ಸ್ತನ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಮದ್ದು ಶುರುವಾದ ಮೇಲೆ ಆ ಕೈ ತಡವರಿಸತೊಡಗಿತು. “ಬಾಳೆನಾರು ಬೆರಳಲ್ಲಿ ಉಂಟಾ ಇಲ್ವಾ ಅಂತಲೇ ಗೊತ್ತಾಗುವುದಿಲ್ಲ ಮಾರಾಯ” ಎಂದರು. ಒಂದು ದಿನ ಅಂಗಳದಿಂದ ಒಳಗೆ ಬಂದಾಗ ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ. ದಾರಿಯಲ್ಲಿ ಕಳಚಿ ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಕಾಲಿನ ಹೆಬ್ಬೆರಳಿನ ನರತಂತು ಬೆನ್ನುಹುರಿಯ ಪಕ್ಕದ ತನಕ ಒಂದೇ ಎಳೆ. ಉದ್ದ ಸುಮಾರು 1 ಮೀಟರ್. ಅದಕ್ಕೆ ಬೇಕಾದ ಸರಕೆಲ್ಲ ತಯಾರಾಗುವುದು ಬೆನ್ನಿನ ಹತ್ತಿರ ಇರುವ ಕೋಶದಲ್ಲಿ. ಅಲ್ಲಿಂದ ಸೂಕ್ಷ್ಮ ಕೊಳವೆಗಳ ಹಳಿಯ ಮೇಲೆ ತುದಿಗೆ ಸಾಗಬೇಕು. ಕ್ಯಾನ್ಸರ್ ಕೋಶ ಎರಡಾಗಲು ಕೂಡ ಇಂಥದ್ದೇ ಕೊಳವೆಗಳು ಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಅವನ್ನು ಅಲುಗದಂತೆ ಬಿಗಿಯುತ್ತದೆ. ನಮ್ಮ ಅಂಗಳದಲ್ಲಿ ಸುಮ್ನೆ ಬೆಳೆಯುವ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಕಿಮೋ ಮದ್ದು ಅವನ್ನು ಕಟ್ಟಲಿಕ್ಕೇ ಬಿಡುವುದಿಲ್ಲ. ಎರಡರಲ್ಲೂ ನರದ ಸಾಗಾಟ ಕೆಡುತ್ತದೆ. ಅತಿ ಉದ್ದದ ದಾರಿಗೆ ಮೊದಲ ಪೆಟ್ಟು. ಹಾಗಾಗಿ ಸಾಮಾನ್ಯವಾಗಿ ಮೊದಲು ಕಾಲ್ಬೆರಳು, ಆಮೇಲೆ ಕೈಬೆರಳು.

ಡಾಕ್ಟರು ದೊಡ್ಡಮ್ಮನ ಕಾಲಿನ ಹೆಬ್ಬೆರಳ ಗಂಟಿಗೆ ಟ್ಯೂನಿಂಗ್ ಫೋರ್ಕ್ ಒತ್ತಿ ಹಿಡಿದರು. ಸೆಕೆಂಡಿಗೆ 128 ಸಲ ಕಂಪಿಸುವ ಕವೆ ಅದು. “ನಿಂತಿತು” ಅಂದರು ದೊಡ್ಡಮ್ಮ. ಡಾಕ್ಟರ ಕೈಯಲ್ಲಿ ಅದಿನ್ನೂ ಗುಂಯ್‌ಗುಡುತ್ತಿತ್ತು.

ಕಂಪನದಿಂದ ಪತ್ತೆಯಾಗುವ ಈ ತೊಂದರೆಯನ್ನು ಕಂಪನದಿಂದಲೇ ತಡೆಯಬಹುದಾ? ಸಂಶೋಧಕಿ ಫಿಯೋನಾ ಸ್ಟ್ರೆಕ್‌ಮನ್ ಮತ್ತು ಸಂಗಡಿಗರು 158 ರೋಗಿಗಳ ಮೇಲೆ ಇದನ್ನೇ ನೋಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರು ಕಿಮೋ ನಡೆಯುವಾಗಲೇ ವಾರಕ್ಕೆ ಎರಡು ಸಲ ಕಂಪಿಸುವ ಹಲಗೆಯ ಮೇಲೆ ನಿಂತರು. ಹಲಗೆ ಅಲುಗಿದಂತೆ ಕಾಲಿನ ಸ್ನಾಯುಗಳು ತಾವಾಗಿಯೇ ಬಿಗಿದು ಸಡಿಲವಾಗುತ್ತವೆ. ನರಗಳಿಗೆ ಬಿಡುವೇ ಇಲ್ಲ. ಇನ್ನು ಕೆಲವರಿಗೆ ಬರೀ ಸಮತೋಲದ ವ್ಯಾಯಾಮ. ಏನೂ ಮಾಡದವರಲ್ಲಿ ಶೇ. 71 ಮಂದಿಗೆ ನರದ ತೊಂದರೆ ಬಂತು. ಹಲಗೆಯವರಲ್ಲಿ ಶೇ. 41, ಸಮತೋಲದವರಲ್ಲಿ ಶೇ. 30.

ನನಗೆ ಇಲ್ಲಿ ಇಷ್ಟವಾದದ್ದು ಯಂತ್ರವಲ್ಲ, ಆ ಕೊನೆಯ ಸಂಖ್ಯೆ. ಒಂಟಿಕಾಲಲ್ಲಿ ನಿಲ್ಲಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ ಅಲ್ವಾ? ಆದರೆ ಆ ರೋಗಿಗಳು ಪಡೆದದ್ದು ಆಕ್ಸಾಲಿಪ್ಲಾಟಿನ್ ಅಥವಾ ನಿತ್ಯಪುಷ್ಪದ ಗುಂಪಿನ ಮದ್ದು. ದೊಡ್ಡಮ್ಮನದ್ದು ಬೇರೆ. ಮತ್ತೆ, ಅದು ಬರದಂತೆ ತಡೆಯುವ ಪ್ರಯೋಗ. ಬಂದದ್ದನ್ನು ವಾಪಸು ಕಳಿಸುವುದು ಬೇರೆಯೇ ಕೆಲಸ. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದ್ದರೆ ಕಂಪನದ ಹಲಗೆ ಹತ್ತುವುದೇ ಅಪಾಯ.

“ಅಷ್ಟೇ ಆದರೆ ಮಂಗಳೂರು ಬಸ್ಸಿನ ಹಿಂದಿನ ಸೀಟು ಸಾಲದಾ?” ಎಂದು ದೊಡ್ಡಪ್ಪ ಕೇಳಿದರು. ಸಾಲದು. ಹಲಗೆಯ ಕಂಪನಕ್ಕೆ ಲೆಕ್ಕ ಉಂಟು, ಹೊಂಡಕ್ಕೆ ಇಲ್ಲ. ಅಲ್ಲದೆ ಹಲಗೆಯ ಮೇಲೆ ನಿಲ್ಲಬೇಕು, ಕೂರುವುದಲ್ಲ.

ಕಿಮೋ ಮುಗಿದು ಸುಮಾರು ಸಮಯವಾಯಿತು. ಡಾಕ್ಟರನ್ನು ಕೇಳಿಯೇ ದೊಡ್ಡಮ್ಮ ಈಗ ಬೆಳಿಗ್ಗೆ ಮಡಚಿದ ಕಂಬಳಿಯ ಮೇಲೆ, ಕಿಟಕಿಯ ಸರಳು ಹಿಡಿದು ಒಂದೊಂದೇ ಕಾಲಲ್ಲಿ ನಿಲ್ಲುತ್ತಾರೆ. ವಾಲುವುದು ಕಡಿಮೆಯಾಗಿದೆ. ಮಲ್ಲಿಗೆ ಮಾತ್ರ ಇನ್ನೂ ಮೊಮ್ಮಗಳೇ ಕಟ್ಟುತ್ತಾಳೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ಮೊಗ್ಗು ಲೆಕ್ಕ ಮಾಡಿ ಕೊಡುತ್ತಾರೆ.