ಸಣ್ಣ ಸ್ಪೀಕರ್ ಹಾಡುತ್ತದೆ, ದೊಡ್ಡ ಪೆಟ್ಟಿಗೆ ಯಾಕೆ ಸುಮ್ಮನಿದೆ?

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿಗೆ 2.1 ಸ್ಪೀಕರ್ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ದಪ್ಪ ಸದ್ದು (ಬಾಸ್) ಕೊಡುವ ದೊಡ್ಡ ಪೆಟ್ಟಿಗೆಯ, ಅಂದರೆ ಸಬ್‌ವೂಫರಿನ, ಸದ್ದು ನಿಂತುಹೋಯಿತು. ಎರಡು ಸಣ್ಣ ಸ್ಪೀಕರ್ ಮಾತ್ರ ಕೇಳುತ್ತದೆ, ಅದೂ ಸ್ವರ ದೂರದಿಂದ ಬಂದ ಹಾಗೆ. ಹಳೆಯ ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಇನ್ನೂ ಕ್ಷೀಣ. ರಿಪೇರಿ ಆಗುತ್ತದಾ, ಹೊಸತು ತಗೊಳ್ಳುವುದೇ ಒಳ್ಳೆಯದಾ? (ಬದಿಯಡ್ಕ ಕಡೆಯ ಓದುಗರು)

ಉತ್ತರ: ಹೊಸತು ತಗೊಳ್ಳಬೇಡಿ. ಮೊದಲು ಒಂದು ಸಂಜೆ ಇದಕ್ಕೆ ಕೊಡಿ. ಸಣ್ಣ ಸ್ಪೀಕರಿಗೆ ಬೇಕಾದ ಆಂಪ್ಲಿಫೈಯರ್ ಕೂಡ ಆ ದೊಡ್ಡ ಪೆಟ್ಟಿಗೆಯ ಒಳಗೇ ಇರುತ್ತದೆ. ಅವು ಹಾಡುತ್ತಿವೆ ಎಂದರೆ ಕರೆಂಟು ಬರುತ್ತಿದೆ, ಟ್ರಾನ್ಸ್‌ಫಾರ್ಮರ್ ಸರಿ ಇದೆ. ಬಾಸ್ ಬರುವ ದಾರಿಯಲ್ಲಿ ಎಲ್ಲೋ ಕಡಿದಿದೆ.

ನೀವು ಬರೆದ ಎರಡು ಮಾತು ನನಗೆ ತುಂಬಾ ಉಪಯೋಗವಾಯಿತು. ಸ್ವರ ದೂರದಿಂದ ಬಂದ ಹಾಗೆ, ಹಳೆಯ ರೆಕಾರ್ಡಿಂಗ್ ಇನ್ನೂ ಕ್ಷೀಣ. ಇದು ಹೆಚ್ಚಾಗಿ ಕಂಪ್ಯೂಟರಿನಿಂದ ಬರುವ ಆಡಿಯೋ ಕೇಬಲ್ಲಿನ ತೊಂದರೆ. ಪಿನ್ನನ್ನು ಗಮನಿಸಿ ನೋಡಿ. ಅದರಲ್ಲಿ ಮೂರು ಭಾಗ ಇದೆ. ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡದ ಉದ್ದ ಭಾಗ ಗ್ರೌಂಡ್, ಅಂದರೆ ಎರಡಕ್ಕೂ ಒಂದೇ ಆದ ಹಿಂತಿರುಗುವ ದಾರಿ. ಈ ಗ್ರೌಂಡ್ ತಂತಿ ಕಡಿದರೆ ಸದ್ದು ಪೂರ್ತಿ ನಿಲ್ಲುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಹಾಗೆ ಆಗುವುದಿಲ್ಲ. ಎಡ, ಬಲ ಎರಡರಲ್ಲೂ ಒಂದೇ ರೀತಿ ಇರುವ ಸದ್ದು ಒಂದನ್ನೊಂದು ಅಳಿಸಿಬಿಡುತ್ತದೆ. ಎರಡರ ನಡುವಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಸಿನಿಮಾ ಹಾಡಿನಲ್ಲಿ ಗಾಯಕರ ಸ್ವರ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿರುತ್ತದೆ. ಅದಕ್ಕೇ ಅದು ದೂರ ಹೋದದ್ದು. ಹಳೆಯ ಯಕ್ಷಗಾನ ರೆಕಾರ್ಡಿಂಗ್ ಹೆಚ್ಚಿನವು ಮೋನೋ. ಅಲ್ಲಿ ಎರಡೂ ಕಡೆ ಪೂರ್ತಿ ಒಂದೇ ಸದ್ದು, ಹಾಗಾಗಿ ಉಳಿಯುವುದೇ ಕಡಿಮೆ. ಇನ್ನು ಸಬ್‌ವೂಫರಿಗೆ ಹೋಗುವುದು ಎಡ ಬಲ ಎರಡನ್ನೂ ಕೂಡಿಸಿದ ಸದ್ದು. ಗ್ರೌಂಡ್ ಇಲ್ಲದಾಗ ಆ ಮೊತ್ತ ಸೊನ್ನೆ. ದೊಡ್ಡ ಪೆಟ್ಟಿಗೆ ಸುಮ್ಮನಾಗುವುದು ಹೀಗೆ.

ನಮ್ಮ ಕುಂಬಳೆ, ಮಂಜೇಶ್ವರದ ಕಡಲ ಗಾಳಿಗೆ ಪಿನ್ನು ಬೇಗ ಮಂಕಾಗುತ್ತದೆ, ಸಾಕೆಟ್ಟಿನ ಒಳಗೆ ಹಸಿರು ಕಿಲುಬು ಕೂರುತ್ತದೆ. ಅದರಿಂದಲೂ ಗ್ರೌಂಡ್ ತಪ್ಪಬಹುದು. ಬೇರೆ ಕೇಬಲ್ ಹಾಕಿ, ಮೊಬೈಲಿಗೆ ಚುಚ್ಚಿ ನೋಡಿ. ಬಾಸ್ ಬಂದರೆ ಕೆಲಸ ಅಲ್ಲಿಗೇ ಮುಗಿಯಿತು. ನನ್ನ ಹತ್ತಿರ ಬಂದ ಒಂದು ಸೆಟ್ಟಿಗೆ ಅದಾಗಲೇ ಎಲ್ಲೋ ಹೊಸ ಐಸಿ (ಬೋರ್ಡಿನ ಮೇಲಿನ ಚಿಪ್) ಹಾಕಿಸಿ ಹಣ ತೆತ್ತಾಗಿತ್ತು. ಬೇಕಾದದ್ದು ಒಂದು ಕೇಬಲ್ ಮಾತ್ರ. ಪೆಟ್ಟಿಗೆ ಬಿಚ್ಚುವ ಮೊದಲು ಕೇಬಲ್ ನೋಡಿ ಎಂದು ನಾನು ಪ್ರತಿ ಸಲ ಒತ್ತಿ ಹೇಳುವುದು ಅದಕ್ಕೇ.

ಬಾಸ್ ತಿರುಗುಣಿ ಸೊನ್ನೆಯಲ್ಲಿದೆಯೇ ಎಂದೂ ನೋಡಿಕೊಳ್ಳಿ. ಮಾತು ಅಥವಾ ಬರೇ ಚೆಂಡೆಯ ಸದ್ದು ಹಾಕಿ ಪರೀಕ್ಷೆ ಮಾಡಬೇಡಿ, ಅದರಲ್ಲಿ ಸಬ್‌ವೂಫರಿಗೆ ಕೆಲಸ ಕಡಿಮೆ. ಮೊಬೈಲಿನಲ್ಲಿ 60 ಹರ್ಟ್ಜ್ ಟೋನ್ ಹಾಕಿದರೆ ಸಂಶಯವೇ ಉಳಿಯುವುದಿಲ್ಲ.

ಕೇಬಲ್ ಸರಿ ಇದ್ದರೂ ಸದ್ದಿಲ್ಲವಾದರೆ ಪೆಟ್ಟಿಗೆ ಬಿಚ್ಚಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಐದು ನಿಮಿಷ ಬಿಡಿ. ದೊಡ್ಡ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ.

ಮೊದಲು ಸ್ಪೀಕರನ್ನೇ ನೋಡಿ. ಅದರ ಎರಡು ತಂತಿ ಬೋರ್ಡಿನಿಂದ ಬಿಡಿಸಿ, 1.5 ವೋಲ್ಟಿನ ಗಡಿಯಾರದ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಟಕ್ ಎಂದು ಕೋನ್ (ಮುಂದಿನ ಬಟ್ಟಲಿನಂಥ ಭಾಗ) ಅಲುಗಿದರೆ ಅದರ ಹಿಂದಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಜೀವಂತ ಇದೆ. ಮಲ್ಟಿಮೀಟರ್ ಇದ್ದರೆ 4 ಓಮ್ಸ್ ಎಂದು ಬರೆದ ಸ್ಪೀಕರ್ 3.5ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ, ಅಥವಾ ಕೋನಿಗೆ ಹೋಗುವ ಜಡೆಯಂಥ ತಂತಿ ತುಂಡಾಗಿದೆ. ಆ ತಂತಿ ಬುಡದಲ್ಲಿ ತುಂಡಾಗಿದ್ದರೆ ಬೆಸುಗೆ ಹಾಕಬಹುದು. ಎರಡು ಹೆಬ್ಬೆರಳಿನಿಂದ ಕೋನನ್ನು ಸಮನಾಗಿ ಮೆಲ್ಲಗೆ ಒತ್ತಿಯೂ ನೋಡಿ. ಗರಗರ ಉಜ್ಜಿದರೆ ತೇವಕ್ಕೆ ಒಳಗೆ ತುಕ್ಕು ಹಿಡಿದಿದೆ ಅಥವಾ ಕಾಯಿಲ್ ಸೊಟ್ಟಗಾಗಿದೆ. ಆಗ ಅದೇ ಅಳತೆಯ, ಅದೇ ಓಮ್ಸಿನ ಸ್ಪೀಕರ್ ಹುಡುಕಬೇಕು.

ಸ್ಪೀಕರ್ ಸರಿ ಇದ್ದರೆ ಬೋರ್ಡಿಗೆ ಬನ್ನಿ. ಸಬ್‌ವೂಫರ್ ದಿನವೂ ತನ್ನದೇ ಬೋರ್ಡನ್ನು ನಡುಗಿಸುತ್ತಿರುತ್ತದೆ. ಅದಕ್ಕೆ ಭಾರದ ಭಾಗಗಳ ಕಾಲಿನ ಸುತ್ತ ಬೆಸುಗೆ ಬಿರುಕು ಬಿಡುತ್ತದೆ. ಐಸಿಯ ಕಾಲು, ದೊಡ್ಡ ಕೆಪಾಸಿಟರ್, ತಂತಿ ಸಿಕ್ಕಿಸುವ ಕನೆಕ್ಟರ್ ನೋಡಿ. ಕಾಲಿನ ಸುತ್ತ ಉಂಗುರದಂತೆ ಕಪ್ಪು ಗೆರೆ ಕಂಡರೆ ಅದೇ ಡ್ರೈ ಸೋಲ್ಡರ್. ಸ್ವಲ್ಪ ಹೊಸ ಲೆಡ್ ಕೊಟ್ಟು ಕಾಯಿಸಿ. ಇರುವೆ ಗೂಡು ಮಾಡಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

ಮುಂದಿನದ್ದು ಸದ್ದು ಹೆಚ್ಚಿಸುವ ಐಸಿ. ಅನೇಕ ಸೆಟ್ಟುಗಳಲ್ಲಿ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಹೀಟ್ ಸಿಂಕಿಗೆ ಐದು ಕಾಲಿನ ಟಿಡಿಎ 2030 ಐಸಿಗಳನ್ನು ಸಾಲಾಗಿ ಸ್ಕ್ರೂ ಹಾಕಿರುತ್ತಾರೆ. ಇದು ನಮಗೆ ಅನುಕೂಲ. ಹಾಡುತ್ತಿರುವ ಐಸಿಯನ್ನೂ ಸುಮ್ಮನಿರುವುದನ್ನೂ ಹೋಲಿಸಿ ನೋಡಬಹುದು. ಇಲ್ಲಿ ಪ್ಲಗ್ ಹಾಕಿಯೇ ಅಳೆಯಬೇಕು, ಹಾಗಾಗಿ ಜಾಗ್ರತೆ. ಟ್ರಾನ್ಸ್‌ಫಾರ್ಮರಿಗೆ 230 ವೋಲ್ಟ್ ಬರುವ ಬದಿಗೆ ಕೈ ಹೋಗಲೇಬಾರದು. ಅಭ್ಯಾಸ ಇಲ್ಲದವರು ಇಷ್ಟಕ್ಕೇ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಕೊಂಡುಹೋಗಿ. 12-0-12 ಟ್ರಾನ್ಸ್‌ಫಾರ್ಮರ್ ಇದ್ದರೆ, ಬರಹ ನಿಮ್ಮ ಕಡೆಗಿರುವಂತೆ ಎಡದಿಂದ ಎಣಿಸಿ. ಐದನೇ ಕಾಲಿನಲ್ಲಿ ಸುಮಾರು 16, 17 ವೋಲ್ಟ್, ಮೂರನೆಯದರಲ್ಲಿ ಅಷ್ಟೇ ಮೈನಸ್, ನಾಲ್ಕನೆಯದರಲ್ಲಿ ಸೊನ್ನೆಯ ಹತ್ತಿರ ಇರಬೇಕು. ನಾಲ್ಕನೆಯದು ಔಟ್‌ಪುಟ್. ಅಲ್ಲಿ ಹತ್ತು ಹದಿನೈದು ವೋಲ್ಟ್ ನಿಂತಿದ್ದರೆ ಐಸಿ ಹೋಗಿದೆ. ಸ್ಪೀಕರ್ ಸುಡುವುದು ಹಲವು ಸಲ ಈ ವೋಲ್ಟಿನಿಂದಲೇ. ಆದ್ದರಿಂದ ಔಟ್‌ಪುಟ್ ಸೊನ್ನೆಗೆ ಬರದೆ ಹೊಸ ಸ್ಪೀಕರ್ ಜೋಡಿಸಬೇಡಿ.

ಈ ಐಸಿ ನೂರು ರೂಪಾಯಿಯ ಒಳಗೆ ಸಿಗುತ್ತದೆ. ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ, ಅಂಗಡಿಯವರ ಭಾಷೆ ಯಾವುದೇ ಇರಲಿ, ನಂಬರ್ ಹೇಳಿದರೆ ಸಾಕು. ಬದಲಾಯಿಸುವಾಗ ಐಸಿಯ ಹಿಂಬದಿಯ ತೆಳುವಾದ ಮೈಕಾ ಹಾಳೆಯನ್ನು ಬಿಸಾಡಬೇಡಿ. ಐಸಿಯ ಬೆನ್ನಿನ ಲೋಹ ಮೈನಸ್ ವೋಲ್ಟಿಗೆ ಸೇರಿದೆ. ಹಾಳೆ ಇಲ್ಲದೆ ಅದು ಹೀಟ್ ಸಿಂಕಿಗೆ ತಾಗಿ, ಹೀಟ್ ಸಿಂಕ್ ಗ್ರೌಂಡಿಗೆ ಸೇರಿದ್ದರೆ ಶಾರ್ಟ್ ಆಗುತ್ತದೆ.

ಐಸಿಯೂ ಸರಿ ಇದ್ದರೆ ಎಂಟು ಕಾಲಿನ ಸಣ್ಣ 4558 ಐಸಿ ನೋಡಿ. ಬಾಸನ್ನು ಸೋಸಿ ಕೊಡುವುದು ಸಾಮಾನ್ಯವಾಗಿ ಅದು. ಎಂಟನೇ ಕಾಲಿಗೆ ಪ್ಲಸ್, ನಾಲ್ಕನೆಯದಕ್ಕೆ ಮೈನಸ್ ಬರುತ್ತಿರಬೇಕು. ಬರದಿದ್ದರೆ ದಾರಿಯಲ್ಲಿ ಒಂದು ರೆಸಿಸ್ಟರ್ ಕರಟಿರಬಹುದು.

ಪೂರ್ತಿ ಸೆಟ್ಟೇ ಸತ್ತು ಲೈಟೂ ಉರಿಯದಿದ್ದರೆ ಮೊದಲು ಫ್ಯೂಸ್ ನೋಡಿ. ಅದರ ಜಾಗಕ್ಕೆ ಯಾವ ಕಾರಣಕ್ಕೂ ತಂತಿ ಕಟ್ಟಬೇಡಿ, ಮನೆಗೆ ಬೆಂಕಿ ಬೀಳುತ್ತದೆ. ಫ್ಯೂಸ್ ಸರಿ ಇದ್ದು, ಪ್ಲಗ್ ಕಿತ್ತ ಮೇಲೆ ಟ್ರಾನ್ಸ್‌ಫಾರ್ಮರಿನ 230ರ ಬದಿಯಲ್ಲಿ ಮೀಟರ್ ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ, ಅಥವಾ ಅದರೊಳಗಿನ ಥರ್ಮಲ್ ಫ್ಯೂಸ್ ಹೋಗಿದೆ.

ಈ ಕೊನೆಯ ತೊಂದರೆ ನಮ್ಮಲ್ಲಿ ಜಾಸ್ತಿ ಕಾಣುವುದು ಅಕ್ಟೋಬರ್, ನವೆಂಬರಿನ ಸಂಜೆ ಗುಡುಗು ಸಿಡಿಲಿನ ಹೊತ್ತಿಗೆ. ದೂರದಲ್ಲಿ ಮೊದಲ ಗುಡುಗು ಕೇಳಿದಾಗಲೇ ಕರೆಂಟಿನ ಪ್ಲಗ್ಗನ್ನೂ ಕಂಪ್ಯೂಟರಿನ ಹಿಂದಿನ ಆಡಿಯೋ ಪಿನ್ನನ್ನೂ ಕೀಳಿ. ಸಿಡಿಲು ಹತ್ತಿರ ಬಂದ ಮೇಲೆ ಕೀಳಲು ಹೋಗಬೇಡಿ.