‘ಎಐ ಇರ್ಬೇಕು ಬಿಡು’: ಹಾಸನದಲ್ಲಿ ನಿಜ ವಿಡಿಯೊಗಳ ಪಾಡು

ಆಲೂರು, ಸಕಲೇಶಪುರ, ಬೇಲೂರು ಭಾಗದ ಕಾಫಿ ತೋಟಗಳಲ್ಲಿ ಬೆಳಗಿನ ಕೆಲಸ ಶುರುವಾಗುವುದು ಮೊಬೈಲ್ ನೋಡಿದ ಮೇಲೆಯೇ. ರಾತ್ರಿ ಆನೆ ಎಲ್ಲಿತ್ತು, ಈಗ ಯಾರ ತೋಟದಲ್ಲಿ ನಿಂತಿದೆ ಎನ್ನುವ ಸಂದೇಶ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಬೀಟಮ್ಮನ ಗುಂಪು ಈ ಕಡೆ ಇದೆ, ಭೀಮ ರಸ್ತೆ ದಾಟಿದ, ಹೀಗೆ ಆನೆಗಳ ಹೆಸರು ಹಿಡಿದೇ ಮಾತು. ಲೈನ್ ಮನೆಯ ಕೂಲಿಯವರನ್ನು ಯಾವ ಕಡೆ ಕೆಲಸಕ್ಕೆ ಕಳಿಸಬೇಕು, ಕಳಿಸಬೇಕೋ ಬೇಡವೋ ಎನ್ನುವುದನ್ನು ತೋಟದ ಮೇಲ್ವಿಚಾರಕ, ಅಂದರೆ ರೈಟರ್, ಆ ಸಂದೇಶ ನೋಡಿಕೊಂಡು ಹೇಳುತ್ತಾನೆ. ತಪ್ಪು ಮಾಹಿತಿಗೆ ಇಲ್ಲಿ ಜೀವದ ಬೆಲೆ ಇದೆ.

ಈಚೆಗೆ ಅದೇ ಫೋನುಗಳಿಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಹುಟ್ಟಿಸಿದ ಬೇರೆ ಆನೆಗಳೂ ಬರತೊಡಗಿವೆ. ಬೇಕರಿಯೊಳಗೆ ಸೊಂಡಿಲು ಚಾಚಿ ಬನ್ ಎತ್ತುವ ಆನೆ, ಜಗುಲಿಯಲ್ಲಿ ಮಲಗಿದ ಅಜ್ಜನ ಮಗ್ಗುಲಲ್ಲಿ ಬಂದು ಕೂರುವ ಚಿರತೆ. ಸಿಸಿಟಿವಿಯಲ್ಲಿ ಸೆರೆಯಾದಂತೆ ಮಬ್ಬು ಬೆಳಕು, ಮೂಲೆಯಲ್ಲಿ ತಾರೀಕು-ಗಂಟೆ, ಒಟ್ಟು ಎಂಟೋ ಹತ್ತೋ ಸೆಕೆಂಡು. ಮಬ್ಬು ಬೇಕಂತಲೇ ಇಟ್ಟದ್ದು. ಸ್ಪಷ್ಟ ಚಿತ್ರದಲ್ಲಿ ಎದ್ದು ಕಾಣುವ ಲೋಪ ಸಿಸಿಟಿವಿ ಗುಣಮಟ್ಟದಲ್ಲಿ ಮುಚ್ಚಿಹೋಗುತ್ತದೆ. ಮೊದಮೊದಲು ಇವನ್ನು ನಂಬಿ ಹಂಚಿದ್ದೇ ಹಂಚಿದ್ದು. ಈಗ ಗಾಳಿ ತಿರುಗಿದೆ. ಪಕ್ಕದೂರಿನವನು ನಡುಗುವ ಕೈಯಲ್ಲಿ ತೆಗೆದ ನಿಜ ಆನೆಯ ವಿಡಿಯೊ ಬಂದರೂ ಕೆಳಗೆ ಯಾರೋ ಒಬ್ಬ ‘ಎಐ ಇರ್ಬೇಕು ಬಿಡು’ ಎಂದು ಬರೆದಿರುತ್ತಾನೆ.

ನಕಲಿ ವಿಡಿಯೊ ಅಂದಕೂಡಲೇ ಜನ ಅದನ್ನು ನಂಬಿ ಮೋಸಹೋಗುತ್ತಾರೆ ಎಂದೇ ನಮ್ಮ ಮೊದಲ ಭಯ. ಹೋಗುವವರು ಇದ್ದಾರೆ, ಅದು ಸುಳ್ಳಲ್ಲ. ಆದರೆ ಹಾಸನದಲ್ಲಿ ನಿಂತು ಈ ಕಥೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಅದಕ್ಕಿಂತ ದೊಡ್ಡ ಏಟು ಬಿದ್ದಿರುವುದು ನಿಜ ವಿಡಿಯೊಗಳಿಗೆ. ಕಣ್ಣೆದುರಿನ ಸತ್ಯವನ್ನು ‘ತಿರುಚಿದ್ದು’ ಎಂದು ತಳ್ಳಿಹಾಕಲು ಎಲ್ಲರಿಗೂ ಒಂದು ನೆಪ ಸಿಕ್ಕಿತು. ಆ ನೆಪ ಚೆನ್ನಾಗಿ ಕೆಲಸಕ್ಕೆ ಬರುವುದು ಅಧಿಕಾರ, ದುಡ್ಡು, ವಕೀಲರು ಇರುವವರಿಗೆ.

ತಂತ್ರಜ್ಞಾನದ ಬೇರು 2014ರಲ್ಲಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇಯಾನ್ ಗುಡ್‌ಫೆಲೊ ಮತ್ತು ಜೊತೆಗಾರರು ಎರಡು ಕಂಪ್ಯೂಟರ್ ಜಾಲಗಳನ್ನು ಎದುರುಬದುರು ಕೂರಿಸಿದರು. ಒಂದು ಚಿತ್ರ ಹುಟ್ಟಿಸುತ್ತದೆ, ಇನ್ನೊಂದು ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡುತ್ತದೆ. ಸಿಕ್ಕಿಬಿದ್ದಾಗಲೆಲ್ಲ ಮೊದಲನೆಯದು ತನ್ನನ್ನು ತಿದ್ದಿಕೊಳ್ಳುತ್ತದೆ. ನಕಲು ಹಿಡಿಯುವ ವಿದ್ಯೆಯೇ ನಕಲು ಮಾಡುವ ವಿದ್ಯೆಗೆ ಮೇಷ್ಟರಾಯಿತು. ಇವತ್ತಿನ ಸಾಧನಗಳ ಒಳರಚನೆ ಬೇರೆಯಾದರೂ ಈ ಓಟ ಹಾಗೆಯೇ ಇದೆ. ಪತ್ತೆ ಹಚ್ಚುವ ಆ್ಯಪ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ.

2017ರ ಕೊನೆಯಲ್ಲಿ ರೆಡಿಟ್ ಎಂಬ ಜಾಲತಾಣದಲ್ಲಿ ‘ಡೀಪ್‌ಫೇಕ್ಸ್’ ಎಂಬ ಹೆಸರಿಟ್ಟುಕೊಂಡವನೊಬ್ಬ ನಟಿಯರ ಮುಖಗಳನ್ನು ಅಶ್ಲೀಲ ವಿಡಿಯೊಗಳಿಗೆ ಅಂಟಿಸಿ ಹಾಕತೊಡಗಿದ. ಈ ಪಿಡುಗಿಗೆ ಹೆಸರು ಬಂದದ್ದು ಅಲ್ಲಿಂದ. 2019ರಲ್ಲಿ ಡೀಪ್‌ಟ್ರೇಸ್ ಎಂಬ ಸಂಸ್ಥೆ ಇಂಟರ್‌ನೆಟ್‌ನಲ್ಲಿ ಸಿಕ್ಕ ಡೀಪ್‌ಫೇಕ್ ವಿಡಿಯೊಗಳನ್ನು ಎಣಿಸಿದಾಗ ಶೇ 96ರಷ್ಟು ಒಪ್ಪಿಗೆಯಿಲ್ಲದೆ ಮಾಡಿದ ಅಶ್ಲೀಲ ವಿಡಿಯೊಗಳೇ ಆಗಿದ್ದವು. ನಮ್ಮ ದೇಶದಲ್ಲಿ 2018ರಲ್ಲೇ ಪತ್ರಕರ್ತೆ ರಾಣಾ ಅಯ್ಯೂಬ್ ಅವರ ಬಾಯಿ ಮುಚ್ಚಿಸಲು ಇಂಥದ್ದೊಂದು ವಿಡಿಯೊ ಹರಿಬಿಟ್ಟಿದ್ದರು. ಚುನಾವಣೆ, ಯುದ್ಧ, ಪ್ರಜಾಪ್ರಭುತ್ವದ ಚರ್ಚೆಯೆಲ್ಲ ಆಮೇಲೆ ಬಂದದ್ದು. ಮೊದಲ ದಿನದಿಂದ ಇದರ ಬಿಸಿ ತಾಗಿದ್ದು ಹೆಣ್ಣುಮಕ್ಕಳಿಗೆ.

2018ರ ಕೊನೆಗೆ ಆಫ್ರಿಕಾದ ಗಬಾನ್‌ನಲ್ಲಿ ಆದದ್ದು ಕಥೆಯ ದಿಕ್ಕನ್ನೇ ತಿರುಗಿಸಿತು. ಅಧ್ಯಕ್ಷ ಅಲಿ ಬೊಂಗೊ ಪಾರ್ಶ್ವವಾಯುವಾಗಿ ತಿಂಗಳುಗಟ್ಟಲೆ ಹೊರದೇಶದಲ್ಲಿದ್ದರು. ಸತ್ತೇಹೋಗಿದ್ದಾರೆ ಎಂಬ ಗುಸುಗುಸು ಇತ್ತು. ಸರ್ಕಾರ ಅವರ ಹೊಸ ವರ್ಷದ ಭಾಷಣದ ವಿಡಿಯೊ ಬಿಡುಗಡೆ ಮಾಡಿತು. ಮುಖ ಬಿಗಿದಂತಿತ್ತು, ಕಣ್ಣು ಸರಿಯಾಗಿ ಮಿಟುಕುತ್ತಿರಲಿಲ್ಲ. ಇದು ಡೀಪ್‌ಫೇಕ್ ಎಂದರು ವಿರೋಧಿಗಳು. 2019ರ ಜನವರಿ 7ರಂದು ಕೆಲವು ಸೈನಿಕರು ರೇಡಿಯೊ ಕೇಂದ್ರಕ್ಕೆ ನುಗ್ಗಿ ದಂಗೆ ಎದ್ದರು. ಕೆಲವೇ ಗಂಟೆಗಳಲ್ಲಿ ಅದು ಅಡಗಿತು. ಆಮೇಲೆ ಪರೀಕ್ಷಿಸಿದವರಿಗೆ ವಿಡಿಯೊ ನಕಲಿ ಎನ್ನಲು ಆಧಾರ ಸಿಗಲಿಲ್ಲ, ಬೊಂಗೊ ಜೀವಂತವಾಗಿ ತಿರುಗಿಬಂದರು. ಯಾರೂ ನಕಲಿ ಮಾಡಬೇಕಾಗಿಯೇ ಬರಲಿಲ್ಲ. ನಕಲಿ ಮಾಡಬಹುದು ಎನ್ನುವ ಸುದ್ದಿ ಒಂದೇ ಸಾಕಾಯಿತು.

ಅದೇ ಹೊತ್ತಿಗೆ ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಇದನ್ನು ಸುಳ್ಳುಗಾರನಿಗೆ ಸಿಗುವ ಲಾಭಾಂಶ ಎಂದು ಕರೆದರು. ನಕಲಿಯ ಬಗ್ಗೆ ಜನರಲ್ಲಿ ಅರಿವು ಹೆಚ್ಚಿದಷ್ಟೂ ತಪ್ಪಿತಸ್ಥ ತನ್ನ ಅಸಲಿ ವಿಡಿಯೊವನ್ನು ನಕಲಿ ಎಂದು ಹೇಳಿ ಪಾರಾಗುವುದು ಸುಲಭ ಎಂದು ಅವರ ವಾದ. ಬ್ರಿಟನ್ನಿನಲ್ಲಿ ಕ್ರಿಸ್ಟಿಯನ್ ವಕ್ಕಾರಿ, ಆಂಡ್ರ್ಯೂ ಚಾಡ್ವಿಕ್ ಅವರು ಸುಮಾರು ಎರಡು ಸಾವಿರ ಜನರಿಗೆ ಒಬಾಮರ ಪ್ರಸಿದ್ಧ ನಕಲಿ ವಿಡಿಯೊ ತೋರಿಸಿ ನೋಡಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ನೋಡಿದವರು ಮೋಸಹೋದದ್ದಕ್ಕಿಂತ ಹೆಚ್ಚಾಗಿ ಗೊಂದಲಕ್ಕೆ ಬಿದ್ದಿದ್ದರು, ಆ ಗೊಂದಲದಿಂದ ಸಾಮಾಜಿಕ ಜಾಲತಾಣದ ಸುದ್ದಿಯ ಮೇಲಿನ ನಂಬಿಕೆಯೇ ಇಳಿದಿತ್ತು. ಇದಕ್ಕೆ ಅಡ್ಡಮಾತೂ ಇದೆ. ಅಮೆರಿಕದಲ್ಲಿ 15 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಮತ್ತೊಂದು ಅಧ್ಯಯನದಲ್ಲಿ, ಹಗರಣದ ಸುದ್ದಿ ಬರಹದಲ್ಲಿ ಬಂದಾಗ ‘ಅದು ಸುಳ್ಳು’ ಎಂದ ರಾಜಕಾರಣಿಗೆ ಬೆಂಬಲ ಉಳಿದುಕೊಂಡಿತು, ವಿಡಿಯೊ ಇದ್ದಾಗ ಆ ಮಾತು ಅಷ್ಟಾಗಿ ನಡೆಯಲಿಲ್ಲ. ಆದರೆ ಆ ಪ್ರಯೋಗಗಳು ನಡೆದದ್ದು ಪ್ರತಿ ಫೋನಿನಲ್ಲೂ ವಿಡಿಯೊ ಹುಟ್ಟಿಸಬಹುದಾದ ಕಾಲಕ್ಕೆ ಮುಂಚೆ.

ಭಾರತದ ಚುನಾವಣೆಗೆ ಎಐ ಬಂದದ್ದು ಮೊದಲು ಪ್ರಚಾರದ ಸಾಧನವಾಗಿ. 2020ರ ದೆಹಲಿ ಚುನಾವಣೆಯಲ್ಲಿ ಬಿಜೆಪಿಯ ಮನೋಜ್ ತಿವಾರಿ ಅವರ ಒಂದೇ ಭಾಷಣವನ್ನು ಹರಿಯಾಣವಿ ಮತ್ತು ಇಂಗ್ಲಿಷಿನಲ್ಲಿ ಅವರೇ ಮಾತಾಡಿದಂತೆ ಮಾಡಿ ಹಂಚಿದರು. ನಮ್ಮ ಕಡೆ ಎಲ್ಲರ ಬಾಯಿಗೆ ಡೀಪ್‌ಫೇಕ್ ಎಂಬ ಮಾತು ಬಂದದ್ದು 2023ರ ನವೆಂಬರ್‌ನಲ್ಲಿ, ಪಕ್ಕದ ಕೊಡಗಿನ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ಲಿಫ್ಟ್ ವಿಡಿಯೊಗೆ ಅಂಟಿಸಿದಾಗ. ಅದೇ ತಿಂಗಳು ಪ್ರಧಾನಿ ನರೇಂದ್ರ ಮೋದಿ, ತಾವು ಗರ್ಬಾ ಕುಣಿಯುತ್ತಿರುವ ಡೀಪ್‌ಫೇಕ್ ನೋಡಿದ್ದಾಗಿ ಹೇಳಿ ಎಚ್ಚರಿಸಿದರು. ಫ್ಯಾಕ್ಟ್ ಚೆಕ್ ಮಾಡಿದವರು ನೋಡಿದರೆ ಅದು ಎಐ ವಿಡಿಯೊವೇ ಆಗಿರಲಿಲ್ಲ. ಅವರಂತೆಯೇ ಕಾಣುವ ಇನ್ನೊಬ್ಬರು ನಿಜವಾಗಿ ಕುಣಿದದ್ದು. ನಕಲಿ ಯಾವುದು ಎಂದು ಗುರುತಿಸುವಲ್ಲಿ ದೇಶದ ದೊಡ್ಡ ಕಚೇರಿಗೂ ಎಡವಟ್ಟಾಗುತ್ತದೆ ಅಂದಮೇಲೆ ಉಳಿದವರ ಮಾತೇನು.

ಇನ್ನು ಹಾಸನದ ವಿಷಯ. 2023ರ ಜೂನ್‌ನಲ್ಲಿ, ಅಂದರೆ ರಶ್ಮಿಕಾ ಪ್ರಕರಣಕ್ಕೂ ಮೊದಲೇ, ಅಂದಿನ ಸಂಸದ ಪ್ರಜ್ವಲ್ ರೇವಣ್ಣ ತಮ್ಮ ವಿರುದ್ಧ ಸುಳ್ಳು ಸುದ್ದಿ ಮತ್ತು ತಿರುಚಿದ ವಿಡಿಯೊ ಪ್ರಸಾರವಾಗುವ ಸಂಭವವಿದೆ ಎಂದು ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, 86 ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರು. ವಿಡಿಯೊಗಳನ್ನು ಊರು ನೋಡುವ ಮೊದಲೇ ಅವು ತಿರುಚಿದವು ಎಂಬ ಮಾತು ಕೋರ್ಟಿನ ಕಡತ ಸೇರಿತ್ತು. 2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಇರುವಾಗ ಅವರು ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಾರೆ ಎನ್ನಲಾದ ವಿಡಿಯೊಗಳ ಪೆನ್‌ಡ್ರೈವ್‌ಗಳು ಹಾಸನದಲ್ಲಿ ಕೈಯಿಂದ ಕೈಗೆ ಹೋದವು. ಆಗಲೂ ಅವರ ಚುನಾವಣಾ ಏಜೆಂಟ್ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಇದ್ದದ್ದು ಅದೇ: ಇವು ಮಾರ್ಫ್ ಮಾಡಿದ ವಿಡಿಯೊಗಳು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಊರು ಎರಡಾಯಿತು. ನೋಡಿದೆ ಎನ್ನುವವರು, ಎಲ್ಲ ಕಂಪ್ಯೂಟರ್ ಕೆಲಸ ಕಣಪ್ಪ ಎನ್ನುವವರು. ಯಾರಿಗೆ ವೋಟು ಹಾಕುತ್ತಿದ್ದರೋ ಅದರ ಮೇಲೆ ವಿಡಿಯೊ ನಿಜವೋ ಸುಳ್ಳೋ ತೀರ್ಮಾನವಾಗುತ್ತಿತ್ತು.

ಆ ವಾದವಿವಾದದಲ್ಲಿ ಮರೆತುಹೋದವರು ವಿಡಿಯೊಗಳಲ್ಲಿದ್ದ ಹೆಂಗಸರು. ಹಂಚಿದವರು ಅವರ ಮುಖವನ್ನೂ ಮಸುಕು ಮಾಡಿರಲಿಲ್ಲ. ಹೆದರಿ ಮನೆ ಬಿಟ್ಟು ಹೋದವರಿದ್ದಾರೆ ಎಂದು ಆಗ ವರದಿಗಳು ಬಂದವು. ವಿಶೇಷ ತನಿಖಾ ತಂಡ ಸಹಾಯವಾಣಿ ತೆರೆದು, ವಿಡಿಯೊ ಹಂಚುವುದೂ ಅಪರಾಧ ಎಂದು ಎಚ್ಚರಿಸಬೇಕಾಯಿತು. ಆ ಹೆಂಗಸರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ವಿಡಿಯೊ ನಿಜ ಎಂದು ಹೇಳಬೇಕಾದರೆ ಅದರಲ್ಲಿರುವುದು ನಾನೇ ಎಂದು ಮುಂದೆ ಬರಬೇಕು. ಸುಮ್ಮನಿದ್ದರೆ ‘ತಿರುಚಿದ್ದು’ ಎಂಬ ಮಾತು ಗೆಲ್ಲುತ್ತದೆ. ಇಂಥ ಇಕ್ಕಟ್ಟನ್ನು ಯಾವ ಪ್ರಯೋಗಾಲಯವೂ ಬಿಡಿಸಲಾರದು.

ಕೊನೆಗೆ ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಪ್ರಜ್ವಲ್ ಅವರನ್ನು ಅತ್ಯಾಚಾರದ ಅಪರಾಧಿ ಎಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಅವರು ಹೈಕೋರ್ಟ್ ಮೆಟ್ಟಿಲೇರಿದ್ದಾರೆ. ಆ ಪ್ರಕರಣ ನಿಂತದ್ದು ವಿಡಿಯೊ ಒಂದರ ಮೇಲೇ ಅಲ್ಲ: ಸಂತ್ರಸ್ತೆ ಕೋರ್ಟಿಗೆ ಬಂದು ಸಾಕ್ಷಿ ನುಡಿದರು, ವಿಡಿಯೊ ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ದಾಟಿತು, ತೆಗೆದಿಟ್ಟಿದ್ದ ಒಂದು ಸೀರೆಯ ಮೇಲೆ ಡಿಎನ್‌ಎ ಗುರುತು ಸಿಕ್ಕಿತು. ‘ತಿರುಚಿದ್ದು’ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು, ಅಲ್ಲವೆಂದು ತೋರಿಸಲು ಇಷ್ಟೆಲ್ಲ ಬೇಕಾಯಿತು.

ಹಾಸನದ ಆ ಗಲಾಟೆ ನಡೆದಾಗ ಸಾಮಾನ್ಯ ಜನರ ಕೈಗೆ ಒಳ್ಳೆಯ ಎಐ ವಿಡಿಯೊ ಸಾಧನ ಇನ್ನೂ ಬಂದಿರಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. 2025ರ ಮೇ ತಿಂಗಳಲ್ಲಿ ಗೂಗಲ್‌ನ ವಿಯೊ 3 ಬಂತು. ಮಾತು, ಸದ್ದು ಸಮೇತ ಎಂಟು ಸೆಕೆಂಡಿನ ವಿಡಿಯೊ. ಸೆಪ್ಟೆಂಬರ್ ಕೊನೆಗೆ ಓಪನ್‌ಎಐನ ಸೋರಾ 2. ಆಮೇಲೆ ಬಂದ ಪ್ರವಾಹ ಎಲ್ಲರಿಗೂ ಗೊತ್ತಿದೆ. ಸುಧಾ ಮೂರ್ತಿ, ನಾರಾಯಣ ಮೂರ್ತಿ, ನಿರ್ಮಲಾ ಸೀತಾರಾಮನ್ ಅವರ ಮುಖ ಇಟ್ಟು ದುಡ್ಡು ದುಪ್ಪಟ್ಟು ಮಾಡಿಕೊಡುವ ಜಾಹೀರಾತುಗಳು ಅದಕ್ಕೂ ಮುಂಚಿನಿಂದ ಇವೆ, ಕಳೆದುಕೊಂಡವರೂ ಇದ್ದಾರೆ. ಇದನ್ನು ನಾನು ಬೇಗ ದಾಟುತ್ತಿರುವುದು ಸಣ್ಣ ವಿಷಯ ಎಂದಲ್ಲ. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಬಹುದು. ಅಲ್ಲಿ ದೂರು ಏನು ಎನ್ನುವುದಾದರೂ ಸ್ಪಷ್ಟ. ಎಐ ಯಾವ ಕೆಲಸವನ್ನೂ ಮಾಡದೆ ಹಳೆಯ ಗುಡ್ಡ ಕುಸಿತದ ವಿಡಿಯೊಗೆ ‘ಈಗಷ್ಟೇ ಶಿರಾಡಿ ಘಾಟಿ’, ‘ಚಾರ್ಮಾಡಿ ಬಂದ್’ ಎಂದು ಬರೆದು ಮಳೆಗಾಲದಲ್ಲಿ ಹರಿಬಿಡುವವರೂ ಕಡಿಮೆಯೇನಲ್ಲ.

ಕಾನೂನು ಹಿಂದಿನಿಂದ ಓಡಿಬರುತ್ತಿದೆ. ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಂ ಮೊದಲಿನಿಂದ ಇದೆ. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಿತ್ತು. ಏಳು ವರ್ಷದವರೆಗೆ ಜೈಲು ಎಂದಿತ್ತು, ಆದರೆ ಸುಳ್ಳು ಸುದ್ದಿ ಯಾವುದೆಂದು ಸರ್ಕಾರವೇ ತೀರ್ಮಾನಿಸುವುದೇ ಎಂಬ ಆಕ್ಷೇಪ ಎದ್ದಿತು. ಎದ್ದದ್ದು ಸರಿಯಾಗಿಯೇ ಇತ್ತು. 2026ರ ಫೆಬ್ರುವರಿಯಲ್ಲಿ ಕೇಂದ್ರ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ಎಐ ವಿಡಿಯೊಗೆ ಲೇಬಲ್ ಕಡ್ಡಾಯ ಮಾಡಿತು, ಆದೇಶ ಬಂದ ಮೂರು ಗಂಟೆಯೊಳಗೆ ತೆಗೆಯಬೇಕು ಎಂದಿತು. ಲೇಬಲ್ ಇರುವ ವಿಡಿಯೊವನ್ನು ಸ್ಕ್ರೀನ್ ರೆಕಾರ್ಡ್ ಮಾಡಿ, ಮೂಲೆ ಕತ್ತರಿಸಿ ಗುಂಪಿಗೆ ಹಾಕಲು ಎಷ್ಟು ಹೊತ್ತು ಬೇಕು ಎನ್ನುವುದು ಪಿಯುಸಿ ಹುಡುಗನಿಗೂ ಗೊತ್ತು. 2024ರ ಮಾರ್ಚ್‌ನಲ್ಲಿ ಡೀಪ್‌ಫೇಕ್ ಪರೀಕ್ಷಿಸಿ ಕೊಡುವ ವಾಟ್ಸ್‌ಆ್ಯಪ್ ಸೇವೆಯೊಂದು ದೇಶದಲ್ಲಿ ಶುರುವಾಯಿತು. ಆರಂಭದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇರಲಿಲ್ಲ.

ಈ ನಿಯಮಗಳೆಲ್ಲ ನೋಡುವುದು ಒಂದೇ ಕಡೆ: ನಕಲಿಯನ್ನು ಅಸಲಿ ಎಂದು ತೋರಿಸುವವನ ಕಡೆ. ಅಸಲಿಯನ್ನು ನಕಲಿ ಎಂದವನಿಗೆ ಅಂಥ ನಿಯಮ ಯಾವುದೂ ಇಲ್ಲ, ಇರುವುದೂ ಕಷ್ಟ. ಅನುಮಾನ ಪಡುವುದನ್ನು ಅಪರಾಧ ಮಾಡಲು ಬರುವುದಿಲ್ಲ. ಹಾಗಾಗಿ ಹೊರೆ ಪೂರ್ತಿ ವಿಡಿಯೊ ತೆಗೆದವರ ಮೇಲೆ ಬೀಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಆ ಫೈಲಿನ ಹ್ಯಾಶ್ ಸಂಖ್ಯೆ ನಮೂದಾಗಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೊ ಗಾತ್ರ ಕುಗ್ಗಿ ಹೋಗುವುದರಿಂದ, ತಲುಪಿದ ಪ್ರತಿಯ ಬೆರಳಚ್ಚು ಮೂಲದ್ದಕ್ಕೆ ಹೊಂದುವುದಿಲ್ಲ. ತೆಗೆದ ದಿನ, ಜಾಗದ ವಿವರವೂ ದಾರಿಯಲ್ಲಿ ಉದುರಿಹೋಗಿರುತ್ತದೆ.

ಸಾವಿರ ಗುಂಪುಗಳಲ್ಲಿ ಹರಿದಾಡಿದ ವಿಡಿಯೊಗಿಂತ, ಅದನ್ನು ಮೊದಲು ತೆಗೆದ ಫೋನಿನಲ್ಲಿ ಉಳಿದ ಒಂದು ಫೈಲಿಗೆ ಕೋರ್ಟಿನಲ್ಲಿ ಬೆಲೆ ಹೆಚ್ಚು. ತೋಟಕ್ಕೆ ಆನೆ ನುಗ್ಗಿದ್ದನ್ನು, ಕಚೇರಿಯಲ್ಲಿ ಲಂಚ ಕೇಳಿದ್ದನ್ನು, ಮೈಮೇಲೆ ಕೈ ಮಾಡಿದ್ದನ್ನು ರೆಕಾರ್ಡ್ ಮಾಡಿದವರು ಸಾಮಾನ್ಯವಾಗಿ ಮಾಡುವುದು ಅದಕ್ಕೆ ತದ್ವಿರುದ್ಧ: ಹತ್ತು ಜನರಿಗೆ ಫಾರ್ವರ್ಡ್ ಮಾಡಿ, ಮೆಮೊರಿ ತುಂಬಿತೆಂದು ಮೂಲವನ್ನು ಅಳಿಸುತ್ತಾರೆ, ಇಲ್ಲವೇ ಹಬ್ಬದ ಆಫರ್ ಬಂದಾಗ ಆ ಫೋನನ್ನೇ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡುತ್ತಾರೆ.